ಬಡಾವಣೆಯ ನಕ್ಷೆಯಲ್ಲೇ ಬೇರೆಯಾಗುವ ಮಕ್ಕಳು

ಮಾನ್ಯ ಸಂಪಾದಕರೇ,

ಹಾಸನದ ರಿಂಗ್ ರಸ್ತೆಯ ಆಚೆಗೆ ಎದ್ದಿರುವ ಹೊಸ ಬಡಾವಣೆಗಳಲ್ಲೊಂದರಲ್ಲಿ ನಾನು ವಾಸವಾಗಿದ್ದೇನೆ. ಬೆಳಿಗ್ಗೆ ಎಂಟರ ಹೊತ್ತಿಗೆ ಖಾಸಗಿ ಶಾಲೆಗಳ ಹಳದಿ ವಾಹನಗಳು ಅಡ್ಡರಸ್ತೆಗಳಿಗೂ ಬಂದು ಮನೆ ಬಾಗಿಲಲ್ಲೇ ಮಕ್ಕಳನ್ನು ಹತ್ತಿಸಿಕೊಳ್ಳುತ್ತವೆ. ಗಂಟೆ ಕಳೆದ ಮೇಲೆ, ಇದೇ ಬಡಾವಣೆಯಲ್ಲಿ ಮನೆಗೆಲಸ ಮಾಡುವವರ ಮತ್ತು ಕಟ್ಟುತ್ತಿರುವ ಮನೆಗಳ ಶೆಡ್ಡುಗಳಲ್ಲಿರುವ ಗಾರೆ ಕೆಲಸದವರ ಮಕ್ಕಳು ಲಾರಿಗಳ ನಡುವೆ ಬಿಡುವು ನೋಡಿಕೊಂಡು ರಿಂಗ್ ರಸ್ತೆ ದಾಟಿ, ನಗರದೊಳಗೆ ಸೇರಿಹೋದ ಹಳೆಯ ಊರಿನ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾರೆ. ಸುತ್ತಲಿನ ಜನಸಂಖ್ಯೆ ಏರುತ್ತಿದ್ದರೂ ಆ ಶಾಲೆಯ ದಾಖಲಾತಿ ಇಳಿಯುತ್ತಿದೆ. ಇದನ್ನು ಪೋಷಕರ ಇಂಗ್ಲಿಷ್ ವ್ಯಾಮೋಹದ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭ. ನಗರ ಯೋಜನೆಯ ಪಾಲನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, 1987 ಹೇಳುವ ನಾಗರಿಕ ಸೌಲಭ್ಯಗಳಲ್ಲಿ ಶಾಲೆಯೂ ಸೇರಿದೆ. ಬಡಾವಣೆಯ ನಕ್ಷೆಗೆ ಅನುಮೋದನೆ ಸಿಗಬೇಕಾದರೆ ಸಿ.ಎ. ನಿವೇಶನಕ್ಕೆಂದು, ಅಂದರೆ ಇಂಥ ನಾಗರಿಕ ಸೌಲಭ್ಯಗಳಿಗೆಂದು, ಜಾಗ ಬಿಡಬೇಕು. ಆದರೆ ಆ ಜಾಗ ಅರ್ಜಿ ಹಾಕಿದ ಸಂಘ ಸಂಸ್ಥೆಗಳಿಗೆ ಗುತ್ತಿಗೆಯ ಮೇಲೆ ಹೋಗುತ್ತದೆ. ಇನ್ನೂ ಹುಟ್ಟದ ಸರ್ಕಾರಿ ಶಾಲೆಯ ಪರವಾಗಿ ಅರ್ಜಿ ಹಾಕುವವರು ಯಾರು? ಮುಖ್ಯ ಶಿಕ್ಷಕರಿಗೆ ಆ ಅಧಿಕಾರವಿಲ್ಲ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ವ್ಯಾಪ್ತಿ ಇರುವ ಶಾಲೆಗಷ್ಟೇ. ನಮ್ಮ ಬಡಾವಣೆಯ ಸಿ.ಎ. ನಿವೇಶನದಲ್ಲಿ ಪಾರ್ಥೇನಿಯಂ ಬೆಳೆದು ನಿಂತಿದೆ. ಪಕ್ಕದ ಬಡಾವಣೆಯದರಲ್ಲಿ ಸಮುದಾಯ ಭವನ ಎದ್ದಿದೆ. (ಅಲ್ಲಿ ಮದುವೆಯೂಟ ಉಂಡು ಬಂದವಳು ನಾನೂ ಹೌದು.) ಇತ್ತ ಆಶ್ರಯ ಮನೆಗಳಿಗೆ ಜಾಗ ಹುಡುಕುವಾಗ ಊರಿನ ಇನ್ನೊಂದು ಅಂಚೇ ಕಣ್ಣಿಗೆ ಬೀಳುತ್ತದೆ. ಹೀಗೆ ಉಳ್ಳವರು ಒಂದೆಡೆ, ಇಲ್ಲದವರು ಇನ್ನೊಂದೆಡೆ ನೆಲೆಸುವಂತೆ ಗೆರೆ ಎಳೆದ ಮೇಲೆ, ಮಗು ಯಾರ ಪಕ್ಕ ಕೂತು ಅಕ್ಷರ ಕಲಿಯಬೇಕೆಂಬುದು ದಾಖಲಾತಿಗೆ ಮುಂಚೆಯೇ ತೀರ್ಮಾನವಾಗಿರುತ್ತದೆ.

ಒಂದು ನೆರೆಹೊರೆಯ ಮಕ್ಕಳೆಲ್ಲ ಜಾತಿ, ಅಂತಸ್ತಿನ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಓದಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನೆರೆಹೊರೆಯ ಶಾಲೆಯ ಮಾತನ್ನೇ ಆಡುತ್ತದೆ; ರಾಜ್ಯದ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿ.ಮೀ. ಒಳಗಿರಬೇಕು. ನಕ್ಷೆಯ ಮೇಲೆ ಅಳೆದರೆ ನಮ್ಮ ಮಕ್ಕಳಿಗೂ ಆ ದೂರ ಸರಿಯಾಗಿಯೇ ಇದೆ, ನಡುವಿನ ರಿಂಗ್ ರಸ್ತೆ ಅಳತೆಗೆ ಸಿಗುವುದಿಲ್ಲ ಅಷ್ಟೆ. ರಾಜ್ಯದ ಆ ನಿಯಮಗಳಿಗೆ 2019ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯಲ್ಲಿ ಅನುದಾನರಹಿತ ಖಾಸಗಿ ಶಾಲೆಗಳು ಕಾಯ್ದೆ ಹೇಳುವ ಶೇ 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಬಿಡಬೇಕಾಗಿಲ್ಲ. ಹೈಕೋರ್ಟ್ ಅದೇ ವರ್ಷ ಇದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಯಲ್ಲೇ ಪಾಠ ಮಾಡಿದ ನಾನು ಆ ತಿದ್ದುಪಡಿಯನ್ನು ವಿರೋಧಿಸಿದವಳಲ್ಲ. ಆ ಸೀಟುಗಳ ಶುಲ್ಕವೆಂದು ಸರ್ಕಾರ ಖಾಸಗಿ ಶಾಲೆಗಳಿಗೆ ಕೊಡುತ್ತಿದ್ದ ಹಣ ನಮ್ಮ ಶಾಲೆಗಳಿಗೆ ಬರಲೆಂಬ ಆಸೆ ನನಗಿತ್ತು, ಈಗಲೂ ಇದೆ. ಆದರೆ ಅತ್ತ ಬಾಗಿಲು ಮುಚ್ಚಿದ ಮೇಲೆ, ಇತ್ತ ಎಲ್ಲರ ಮಕ್ಕಳೂ ಸೇರುವಂಥ ಶಾಲೆಯನ್ನು ಬಡಾವಣೆಯ ನಡುವೆಯೇ ಕಟ್ಟಬೇಕಾದ ಹೊಣೆ ಸರ್ಕಾರದ ಮೇಲೆ ಬಿತ್ತೆಂಬುದನ್ನು ಮರೆಯಲಾಗಿದೆ.

2019ರಲ್ಲಿಯೇ ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲು ಬಂದಿತ್ತು. ಓದಿಸುವ ಶಕ್ತಿ ಇಲ್ಲಿನ ಶಾಲೆಗಳಿಗಿದೆ, ಜಾಗ ಬೇಕಾಗಿದೆ. ಯಾವುದೇ ಸಿ.ಎ. ನಿವೇಶನಕ್ಕೆ ಅರ್ಜಿ ಕರೆಯುವ ಮೊದಲು ಅಲ್ಲಿ ಸರ್ಕಾರಿ ಶಾಲೆ ಬೇಕೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಯ ಲಿಖಿತ ಅಭಿಪ್ರಾಯ ಪಡೆಯುವುದನ್ನು ಕಡ್ಡಾಯಗೊಳಿಸಬೇಕು; ನಗರದ ಮಹಾಯೋಜನೆ ಪರಿಷ್ಕರಿಸುವಾಗ ಹಳೆಯ ಊರುಗಳ ಶಾಲೆಗಳನ್ನೂ ಅವುಗಳಿಗೆ ಹೋಗುವ ಕಾಲುದಾರಿಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತದೆಂದು ಬಲ್ಲೆ. ಜೂನ್‌ ಬರುವುದರೊಳಗೆ, ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಮಕ್ಕಳು ರಿಂಗ್ ರಸ್ತೆ ದಾಟುವ ಕಡೆ ಒಬ್ಬ ಸಂಚಾರ ಪೊಲೀಸರನ್ನಾದರೂ ನಿಲ್ಲಿಸಲಿ.

– ನಿವೃತ್ತ ಶಿಕ್ಷಕಿ, ಹಾಸನ