ಮಗಳಿಗೆ ಗೇಮ್ ಕೊಡಿಸಲಾ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಮಂಜು,

ನಿನ್ನ ಮೆಸೇಜು ನೋಡಿದೆ. "ಮಗಳು ಗೇಮ್ ಆಡೋ ಮಷಿನ್ ಬೇಕು ಅಂತ ಹಟ ಹಿಡಿದಿದ್ದಾಳೆ, ಕೊಡಿಸಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳು" ಅಂತ ಬರೆದಿದ್ದೀಯ. ಒಂದೇ ಮಾತಲ್ಲಿ ಹೇಳೋದಾದರೆ, ಕೊಡಿಸು. ಆದರೆ ಯಾವ ಗೇಮ್ ಕೊಡಿಸುತ್ತೀಯ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅದನ್ನು ಫೋನಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೇರೆ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ನಿನಗೆ ಬೇಜಾರಿಲ್ಲ ಅಂದುಕೊಂಡಿದ್ದೇನೆ.

ಸಾಗರದ ಬಸ್‌ಸ್ಟ್ಯಾಂಡ್ ಹಿಂದಿನ ಆ ಕಂಪ್ಯೂಟರ್ ಕ್ಲಾಸು ನೆನಪಿದೆಯಾ? ಮೇಷ್ಟ್ರು ಊಟಕ್ಕೆ ಹೋದ ತಕ್ಷಣ ಮೂಲೆಯ ಮಷಿನ್ನಿನಲ್ಲಿ ನಾವಿಬ್ಬರೂ ಪ್ರಿನ್ಸ್ ಆಫ್ ಪರ್ಷಿಯಾ ಅನ್ನೋ ಗೇಮ್ ಹಾಕುತ್ತಿದ್ದೆವು. ನೀನು ಬಾಣದ ಕೀಲಿಗಳು, ನಾನು ಶಿಫ್ಟ್. ಶಿಫ್ಟ್ ಒತ್ತಿಕೊಂಡರೆ ಆಟದ ರಾಜಕುಮಾರ ಒಂದೊಂದೇ ಹೆಜ್ಜೆ ಇಟ್ಟು ಗುಂಡಿಯ ಅಂಚಿಗೆ ಬಂದು ನಿಲ್ಲುತ್ತಿದ್ದ. ನಾನು ಒತ್ತೋದು ತಡವಾದರೆ ಸೀದಾ ಮುಳ್ಳಿನ ಮೇಲೆ. ಎಷ್ಟು ಬೈದಿದ್ದೀಯ ನೀನು! ಇಡೀ ಆಟಕ್ಕೆ ಇದ್ದದ್ದು 60 ನಿಮಿಷ. ಹನ್ನೆರಡು ಲೆವೆಲ್, ಅಂದರೆ ಹನ್ನೆರಡು ಹಂತ. ಕೊನೆಗೆ ಬಂದು ಮುಟ್ಟೋಕೆ ನಮಗೆ ಒಂದು ಬೇಸಿಗೆ ರಜೆ ಪೂರ್ತಿ ಬೇಕಾಯಿತು.

ನಾಲ್ಕನೇ ಲೆವೆಲ್‌ನಲ್ಲಿ ದಾರಿಗೆ ಅಡ್ಡ ಒಂದು ಕನ್ನಡಿ ಬರುತ್ತದಲ್ಲ. ಓಡಿ ಬಂದು ಅದರೊಳಗೇ ಹಾರಬೇಕು. ಆಚೆ ಕಡೆಯಿಂದ ನಮ್ಮದೇ ನೆರಳು ಹೊರಗೆ ಬಿದ್ದು ಓಡಿಹೋಗುತ್ತದೆ. ಆಮೇಲೆ ಅವನು ನಮ್ಮ ಬೆನ್ನು ಬಿಡಲ್ಲ. ನಾವು ಕುಡಿಯಬೇಕಾದ ಔಷಧಿಯನ್ನು ಕುಡಿದು ಹೋಗುತ್ತಾನೆ. ಬಾಗಿಲು ಹಾಕಿ ನಮ್ಮನ್ನು ಕೆಳಗೆ ಬೀಳಿಸುತ್ತಾನೆ. ಕೊನೆಯ ಲೆವೆಲ್‌ನಲ್ಲಿ ಕತ್ತಿ ಹಿಡಿದು ಎದುರಿಗೇ ನಿಲ್ಲುತ್ತಾನೆ. ಅವನಿಗೆ ಹೊಡೆದರೆ ನಮ್ಮದೇ ಪ್ರಾಣ ಒಂದು ಕಡಿಮೆ. ಅವನನ್ನು ಕೊಂದರೆ ನಾವೂ ಸತ್ತೆವು. ಎಷ್ಟು ದಿನ ಒದ್ದಾಡಿದೆವು ಅಲ್ಲಿ. ಒಂದು ಮಧ್ಯಾಹ್ನ ನೀನು "ಹೊಡೀಬೇಡ ತಡಿ ಮಾರಾಯ, ಅವನು ನಾವೇ ಅಲ್ವಾ" ಅಂದೆ. ನೀನೇ ಕೆಳಗಿನ ಬಾಣ ಒತ್ತಿದೆ. ನಮ್ಮವನು ಕತ್ತಿ ಒಳಗೆ ಹಾಕಿದ. ಅವನೂ ಹಾಕಿದ. ಇಬ್ಬರೂ ಓಡಿ ಬಂದು ಒಂದಾದರು. ಇಬ್ಬರಿಗೂ ಮೈ ಜುಂ ಅಂದಿತ್ತು.

ಅದರ ಹಿಂದಿನ ಕತೆ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಈ ಆಟ ಮಾಡಿದವನು ಜೋರ್ಡನ್ ಮೆಕ್ನರ್. 1989ರಲ್ಲಿ, ಆಪಲ್ 2 ಕಂಪ್ಯೂಟರಿಗೆ. ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ನೋಡಿಕೊಂಡು ಆ ಓಟವನ್ನು ಬರೆದ. ಅದಕ್ಕೇ ಅವನು ಜಾರಿ ನಿಲ್ಲುವಾಗ, ಅಂಚು ಹಿಡಿದು ನೇತಾಡುವಾಗ ನಿಜವಾದ ಮನುಷ್ಯನ ಭಾರ ಕಾಣುತ್ತದೆ. ಆದರೆ ಆ ಚಿತ್ರಗಳೇ ಮೆಮೊರಿಯನ್ನೆಲ್ಲ ತಿಂದುಬಿಟ್ಟವು. ಇನ್ನೊಬ್ಬ ಪಾತ್ರಧಾರಿಗೆ ಜಾಗ ಇರಲಿಲ್ಲ. ಹಾಗಾಗಿ ಇದ್ದ ರಾಜಕುಮಾರನ ಚಿತ್ರವನ್ನೇ ಬಣ್ಣ ತಿರುಗಿಸಿ ಎದುರಾಳಿ ಮಾಡಿದ. ಜಾಗ ಇಲ್ಲದೆ ಹುಟ್ಟಿದ ಆ ನೆರಳೇ ಆಟದ ಜೀವ ಆಯಿತು.

ನನಗೆ ಗೇಮ್ ಅಂದರೆ ಇದು, ಮಂಜು. ಕತ್ತಿ ಇಳಿಸು ಅಂತ ಯಾರೂ ಹೇಳಲಿಲ್ಲ. ಪರದೆ ಮೇಲೆ ಒಂದು ಅಕ್ಷರ ಬರಲಿಲ್ಲ. ಇದೇ ಕತೆಯನ್ನು ಓದಿದ್ದರೆ ರಾಜಕುಮಾರ ಕತ್ತಿ ಇಳಿಸಿದ ಅಂತ ತಿಳಿಯುತ್ತಿತ್ತು, ಅಷ್ಟೆ. ಇಲ್ಲಿ ಹೊಡೀಬೇಡ ಅಂದು, ಬೆರಳು ಒತ್ತಿ ಕತ್ತಿ ಇಳಿಸಿದವನು ನೀನು. ಹದಿಮೂರು ವರ್ಷದ ಇಬ್ಬರು ಹುಡುಗರು ಇದನ್ನು ಕಂಡುಹಿಡಿದೇ ಹಿಡಿಯುತ್ತಾರೆ ಅಂತ ಆಟ ನಂಬಿಕೊಂಡು ಸುಮ್ಮನೆ ಕೂತಿತ್ತು. ನಾನು ಇವತ್ತಿಗೂ ಯಾವ ಗೇಮ್ ಹಾಕಿದರೂ ಮೊದಲು ನೋಡೋದು ಅದನ್ನೇ. ಇದು ನನ್ನನ್ನು ನಂಬುತ್ತದಾ ಇಲ್ವಾ?

ಈಚಿನ ಗೇಮ್‌ಗಳಲ್ಲಿ ಈ ನಂಬಿಕೆ ನನಗೆ ಜಾಸ್ತಿ ಕಂಡಿದ್ದು ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ. 2017ರ ಮಾರ್ಚ್‌ನಲ್ಲಿ ಬಂದದ್ದು, ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಮಷಿನ್ನಿಗೆ. ಶುರುವಿನಲ್ಲೇ ಒಂದು ಹಿಮದ ಗುಡ್ಡ ಹತ್ತಬೇಕು. ಮೇಲೆ ಹೋದ ಹಾಗೆ ನಾವು ಆಡಿಸುವ ಹುಡುಗ ಚಳಿಗೆ ನಡುಗಿ ಸಾಯುತ್ತಾನೆ. ಏನು ಮಾಡಬೇಕು? ಕೆಳಗೆ ಕಾಡಿನಲ್ಲಿ ಮೆಣಸಿನಕಾಯಿ ಸಿಗುತ್ತದೆ. ಅದನ್ನು ಬೇಯಿಸಿ ತಿಂದರೆ ಸ್ವಲ್ಪ ಹೊತ್ತು ಚಳಿ ತಡೆಯುತ್ತದೆ. ಅದು ಬೇಡವಾದರೆ ಉರಿಯುವ ಕೊಳ್ಳಿ ಹಿಡಿದುಕೊಂಡು ಹತ್ತಬಹುದು. ಅಲ್ಲಿರುವ ಮುದುಕನನ್ನು ಮೆಚ್ಚಿಸಿದರೆ ಬೆಚ್ಚಗಿನ ಅಂಗಿ ಕೊಡುತ್ತಾನೆ. ಇದೇ ಸರಿ ಅಂತ ಆಟ ಹೇಳಲ್ಲ. ನಾನು ಕೊಳ್ಳಿ ಹಿಡಿದು ಹೋಗಿದ್ದೆ. ಮೆಣಸಿನಕಾಯಿ ವಿಷಯ ಅಕ್ಕನ ಮಗ ಹೇಳಿದ್ದು. ಅವನು ಅದನ್ನು ತಾನೇ ಕಂಡುಕೊಂಡಿದ್ದ, ಎಷ್ಟು ಖುಷಿಯಿಂದ ಹೇಳಿದ ಗೊತ್ತಾ!

ಅದಕ್ಕೂ ತಪ್ಪುಗಳಿವೆ. ಮಳೆ ಬಂದರೆ ಬಂಡೆ ಜಾರುತ್ತದೆ. ನಾವು ಮಲೆನಾಡಿನವರು, ಮಳೆಯಲ್ಲಿ ಧರೆ ಹತ್ತಿದರೆ ಜಾರುತ್ತದೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಅದು ಸರಿಯೇ. ಆದರೆ ಅರ್ಧ ಗುಡ್ಡ ಹತ್ತಿರುವಾಗ ಮಳೆ ಹಿಡಿದರೆ ಒಂದು ಚಾಚು ಬಂಡೆಯ ಕೆಳಗೆ ಕೂತು ಸುಮ್ನೆ ಕಾಯೋದು ಬಿಟ್ಟು ಬೇರೆ ಕೆಲಸ ಇರಲ್ಲ. ಮಳೆಗೂ ಒಂದು ಉಪಾಯ ಇಟ್ಟಿದ್ದರೆ ಚಳಿಯ ಹಾಗೆ ಅದೂ ಆಟವಾಗುತ್ತಿತ್ತು. ಹಾಗೇ ಆ ದೇಶದ ತುಂಬಾ 900 ಬೀಜ ಬಚ್ಚಿಟ್ಟಿದ್ದಾರೆ. ನಡೆಯುತ್ತಾ ಒಂದು ಕಲ್ಲು ಎತ್ತಿದಾಗ ಕೆಳಗೆ ಒಂದು ಸಿಕ್ಕರೆ ಸಂತೋಷ. ಎಲ್ಲವನ್ನೂ ಹುಡುಕುತ್ತೇನೆ ಅಂತ ಹೊರಟರೆ ಅದು ಕೂಲಿ. ಮಗಳು ಹಾಗೆ ಹೊರಟರೆ ನೀನು ತಡಿ.

ಇನ್ನೊಂದು ಆಟದ ಒಂದೇ ಒಂದು ಕ್ಷಣ ಹೇಳಿ ಮುಂದೆ ಹೋಗುತ್ತೇನೆ. ಡಾರ್ಕ್ ಸೋಲ್ಸ್, 2011ರದ್ದು. ಇದು ಮಗಳಿಗೆ ಅಲ್ಲ, ನಿನಗೆ. ಭಯಂಕರ ಕಷ್ಟದ ಆಟ. ಒಂದು ಪಾಳು ಗುಡಿಯ ಪಕ್ಕದ ಬೆಂಕಿಯಿಂದ ಹೊರಡುತ್ತೀಯ. ಸತ್ತು, ಮತ್ತೆ ಎದ್ದು, ಕೋಟೆ ಹತ್ತಿ, ಡ್ರ್ಯಾಗನ್ ಕಾಯುವ ಸೇತುವೆ ದಾಟಿ, ಎಷ್ಟೋ ರಾತ್ರಿಗಳ ಮೇಲೆ ಒಂದು ಚರ್ಚ್ ತಲುಪುತ್ತೀಯ. ಹಿಂದಕ್ಕೆ ಹೋಗುವ ದಾರಿ ನೆನೆದರೇ ಎದೆ ಒಡೆಯುತ್ತದೆ. ಅಲ್ಲಿ ಮೂಲೆಯಲ್ಲಿ ಒಂದು ಲಿಫ್ಟ್. ಹತ್ತಿ ನಿಂತರೆ ಅದು ಇಳಿಯುತ್ತಾ ಇಳಿಯುತ್ತಾ ಹೋಗುತ್ತದೆ. ಹೊರಗೆ ಬಂದು ನೋಡಿದರೆ ಮೊದಲು ಹೊರಟ ಅದೇ ಗುಡಿ, ಅದೇ ಬೆಂಕಿ. ಸಂಗೀತ ಮೆಲ್ಲಗೆ ಶುರುವಾಗುತ್ತದೆ. ಮನೆಗೆ ಬಂದೆ ಅನ್ನಿಸಿತು ನನಗೆ. ಕಣ್ಣು ಒದ್ದೆಯಾಗಿತ್ತು. ಆ ದಾರಿಯನ್ನೆಲ್ಲ ನಾನೇ ನಡೆದಿದ್ದೆ ಅಲ್ವಾ, ಅದಕ್ಕೆ.

ಅದೇ ಆಟದ ಎರಡನೇ ಅರ್ಧ ಅವಸರದಲ್ಲಿ ಮುಗಿಸಿದ ಹಾಗಿದೆ. ಕಣ್ಣು ಕೋರೈಸುವ ಲಾವಾ, ಅದರ ಮೇಲೆ ಒಂದೇ ರೀತಿಯ ದೈತ್ಯರು ಸಾಲಾಗಿ ನಿಂತಿರುತ್ತಾರೆ. ಸತ್ತಾಗಲೆಲ್ಲ ಕೊನೆಯ ವೈರಿಯ ಬಾಗಿಲಿನ ತನಕ ಅದೇ ದಾರಿ ಮತ್ತೆ ಓಡಬೇಕು. ಸೋಲು ಕಲಿಸುತ್ತದೆ, ಒಪ್ಪುತ್ತೇನೆ. ಓಟ ಏನನ್ನೂ ಕಲಿಸಲ್ಲ. ಮಾಡಿದವರಿಗೂ ಇದು ಹೊಳೆದಿರಬೇಕು. 2022ರ ತಮ್ಮ ಎಲ್ಡನ್ ರಿಂಗ್ ಆಟದಲ್ಲಿ ಎಷ್ಟೋ ಕಡೆ ವೈರಿಯ ಹತ್ತಿರದಲ್ಲೇ ಮತ್ತೆ ಎದ್ದೇಳುವ ಹಾಗೆ ಮಾಡಿದರು.

ಈಗ ನಂಬದ ಗೇಮ್‌ಗಳ ವಿಷಯ. ರೆಡ್ ಡೆಡ್ ರಿಡೆಂಪ್ಷನ್ 2 ನೋಡು. 2018ರಲ್ಲಿ ಬಂತು. ಅಷ್ಟು ಚೆಂದದ ಕಾಡು, ಹೊಳೆ, ಕುದುರೆ ನಾನು ಇನ್ನೆಲ್ಲೂ ನೋಡಿಲ್ಲ. ಕೆಸರಿನಲ್ಲಿ ಬಿದ್ದರೆ ಅಂಗಿಗೆ ಕೆಸರು ಅಂಟುತ್ತದೆ, ದಿನ ಕಳೆದರೆ ಗಡ್ಡ ಬೆಳೆಯುತ್ತದೆ. ಸುಮ್ನೆ ಅಲೆಯುವಾಗ ನೀನೇ ರಾಜ. ಆದರೆ ಕತೆಯ ಕೆಲಸ ಶುರುವಾಯಿತೋ, ಮೂಗುದಾರ ಬಿತ್ತು. ಎದುರಿನಿಂದ ನುಗ್ಗೋ ಬದಲು ಬಳಸಿಕೊಂಡು ಹಿಂದಿನಿಂದ ಹೋಗೋಣ ಅಂತ ನಾಲ್ಕು ಹೆಜ್ಜೆ ಆಚೆ ಇಟ್ಟರೆ ಸೋತೆ ಅಂತ ಬರೆದು ಹಿಂದಕ್ಕೆ ತಂದು ನಿಲ್ಲಿಸುತ್ತದೆ. ಇಷ್ಟು ದೊಡ್ಡ ಜಗತ್ತು ಕಟ್ಟಿದವರಿಗೆ ಆಡುವವನ ಬುದ್ಧಿ ಮೇಲೆ ಯಾಕೆ ಇಷ್ಟು ಅನುಮಾನ? ಕತೆ ಅಷ್ಟು ಚೆನ್ನಾಗಿರುವುದರಿಂದಲೇ ನನಗೆ ಇದು ಜಾಸ್ತಿ ನೋವು.

ಇದು ವಿನ್ಯಾಸದ ತಪ್ಪು. ಇದನ್ನು ಕ್ಷಮಿಸಬಹುದು. ನಾನು ಕ್ಷಮಿಸದೇ ಇರೋದು ಬೇರೆ ಇದೆ. ನೀನು ಗಮನ ಇಟ್ಟು ಓದಬೇಕಾದ್ದೂ ಅದನ್ನೇ.

ಅಕ್ಕನ ಮಗ ಹೋದ ವರ್ಷ ಫೋನಿನಲ್ಲಿ ಒಂದು ಗೇಮ್ ಆಡುತ್ತಿದ್ದ. ಫ್ರೀ. ಹೆಸರು ಬೇಡ, ಅಂಥವು ರಾಶಿ ಇವೆ. ದಿನಾ ಬಂದರೆ ಒಂದು ಬಹುಮಾನ, ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಐದು ಸಲ ಆಡಿದರೆ ಶಕ್ತಿ ಖಾಲಿ, ಮತ್ತೆ ತುಂಬೋಕೆ ಗಂಟೆಗಟ್ಟಲೆ ಕಾಯಬೇಕು, ಇಲ್ಲ ದುಡ್ಡು ಕೊಡಬೇಕು. ದುಡ್ಡು ಕೊಟ್ಟರೆ ರತ್ನ ಬರುತ್ತದೆ. ರತ್ನ ಕೊಟ್ಟರೆ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏನಿದೆ ಅಂತ ತೆರೆಯುವ ತನಕ ಗೊತ್ತಾಗಲ್ಲ. ನಾನು ಅವನ ಪಕ್ಕ ಕೂತು ನೋಡಿದೆ. ಪೆಟ್ಟಿಗೆಗೆ 120 ರತ್ನ ಬೇಕು. ಅಂಗಡಿಯಲ್ಲಿ ಸಿಗೋದು 100ರ ಪೊಟ್ಟಣ. ಎರಡು ತೆಗೆದುಕೊಂಡರೆ 80 ಉಳಿಯುತ್ತದೆ. ಆ 80 ಸುಮ್ನೆ ಬಿಡೋಕೆ ಯಾರಿಗೆ ಮನಸ್ಸು ಬರುತ್ತದೆ ಹೇಳು. ಇನ್ನೊಂದು ಪೊಟ್ಟಣ. ರೂಪಾಯಿ ಲೆಕ್ಕ ಅವನ ತಲೆಯಿಂದ ಎಂದೋ ಹೋಗಿತ್ತು, ಅವನು ರತ್ನದಲ್ಲೇ ಯೋಚಿಸುತ್ತಿದ್ದ. ಅಕ್ಕನ ಅಕೌಂಟಿನಿಂದ 6 ಸಾವಿರ ಹೋದ ಮೇಲೆ ಮನೆಯಲ್ಲಿ ಗೊತ್ತಾಯಿತು. ಎಲ್ಲರೂ ಹುಡುಗನಿಗೆ ಬೈದರು. ನನಗೆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ.

ನಮ್ಮ ಮಾರಿಜಾತ್ರೆಯಲ್ಲಿ ರಿಂಗ್ ಎಸೆದು ಸೋಪು ಗೆಲ್ಲುವ ಅಂಗಡಿ ಇರುತ್ತದಲ್ಲ, ಅದೇ ಇದು. ಆದರೆ ಆ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜೇಬಿನ ದುಡ್ಡು ಮುಗಿದರೆ ನಾವು ಮನೆಗೆ ಬರುತ್ತಿದ್ದೆವು. ಇಲ್ಲಿ ಅಂಗಡಿ ಮಗುವಿನ ದಿಂಬಿನ ಪಕ್ಕ ಮಲಗಿರುತ್ತದೆ. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಅಂತ ಕರೆದು, ಆಟದಿಂದ ತೆಗೆದುಹಾಕಿ ಅಂತ ಹೇಳಿತು. ಸರಿಯಾಗಿಯೇ ಹೇಳಿತು.

ಅದಕ್ಕೇ ಹೇಳೋದು. ಹೊಸ ದೊಡ್ಡ ಗೇಮ್ ಒಂದಕ್ಕೆ 4-5 ಸಾವಿರ ಅಂದರೆ ನಿನಗೆ ಗಾಬರಿ ಆಗಬಹುದು. ಆದರೂ ಒಂದೇ ಸಲ ದುಡ್ಡು ಕೊಟ್ಟು ಮುಗಿಯುವ ಗೇಮ್ ತಗೋ. ಫ್ರೀ ಅಂದರೆ ಹತ್ತಿರ ಹೋಗಬೇಡ. ಮತ್ತೆ ಇಂಟರ್ನೆಟ್ ಇಲ್ಲದೆ ನಡೆಯುತ್ತದಾ ಅಂತ ಮೊದಲು ಕೇಳು. ದಿ ಕ್ರೂ ಅಂತ ಒಂದು ಕಾರಿನ ಆಟ 2014ರಲ್ಲಿ ಬಂದಿತ್ತು. ಒಬ್ಬನೇ ಆಡಿದರೂ ಸರ್ವರ್ ಬೇಕು, ಅಂದರೆ ಇಂಟರ್ನೆಟ್ಟಿನಲ್ಲಿ ಕಂಪನಿಯ ಕಂಪ್ಯೂಟರಿಗೆ ಸೇರಿಕೊಂಡಿರಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಡಿಸ್ಕ್ ಇದೆ, ಆಟ ಇಲ್ಲ. ರಾಸ್ ಸ್ಕಾಟ್ ಅನ್ನುವವನು ಇದರ ವಿರುದ್ಧ ಚಳವಳಿ ಶುರು ಮಾಡಿದ. ಯುರೋಪಿನಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ನಾವು ಆಡಿದ ಪ್ರಿನ್ಸ್ ಈಗಲೂ ಓಡುತ್ತಾನೆ, ಹೋದ ತಿಂಗಳು ಆಡಿದೆ. ಹತ್ತು ವರ್ಷಕ್ಕೆ ಸಾಯುವ ಆಟವನ್ನು ಯಾಕೆ ಮಾಡಬೇಕು?

ಇನ್ನೊಂದು ಬೇಜಾರು ನಮ್ಮದೇ. ನಾನು ಆಡಿದ ಯಾವ ದೊಡ್ಡ ಗೇಮ್‌ನಲ್ಲೂ ಒಂದು ಕನ್ನಡ ಅಕ್ಷರ ಕಂಡಿಲ್ಲ. ಪುಣೆಯವರು 2020ರಲ್ಲಿ ರಾಜಿ ಅಂತ ಒಂದು ಆಟ ಮಾಡಿದರು. ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕತೆ. ನಡುನಡುವೆ ಕತೆಯನ್ನು ನೆರಳು ಗೊಂಬೆಗಳಲ್ಲಿ ಹೇಳುತ್ತಾರೆ. ನೋಡಿದಾಗ ನಮ್ಮ ತೊಗಲುಗೊಂಬೆ ನೆನಪಾಗಿ ಹೊಟ್ಟೆ ತುಂಬಿತು. ಬೇಗ ಮುಗಿದು ಹೋಗುತ್ತದೆ, ಕತೆ ನಡುವಲ್ಲೇ ನಿಂತ ಹಾಗಾಗುತ್ತದೆ. ಆದರೂ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ತೋರಿಸು.

ಮೊದಲಿಗೆ ಅವಳಿಗೆ ಸ್ಟಾರ್‌ಡ್ಯೂ ವ್ಯಾಲಿ ಹಾಕಿಕೊಡು. ಅಜ್ಜ ಬಿಟ್ಟುಹೋದ ಹಾಳು ಬಿದ್ದ ಜಮೀನನ್ನು ಸರಿಮಾಡುವ ಆಟ. 2016ರಲ್ಲಿ ಬಂದದ್ದು. ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲಾ ಮಾಡಿದ. ಒಂದು ಋತುವಿಗೆ 28 ದಿನ. ಋತು ಮುಗಿಯುವಾಗ ತಡವಾಗಿ ಬಿತ್ತಿದರೆ ಬೆಳೆ ಒಣಗಿ ಹೋಗುತ್ತದೆ, ಯಾರೂ ತಡೆಯಲ್ಲ. ಅವಳು ಒಂದು ಸಲ ಅತ್ತು ಆಮೇಲೆ ಕ್ಯಾಲೆಂಡರ್ ನೋಡೋಕೆ ಕಲಿಯುತ್ತಾಳೆ. ಒಂದು ತೊಂದರೆ ಇದೆ. ಆಟದಲ್ಲಿ ಮಲಗಿ ದಿನ ಮುಗಿಸಿದರೆ ತಾನೇ ಆಡಿದ್ದು ಸೇವ್ ಆಗೋದು. ಅದಕ್ಕೇ "ಅಪ್ಪಾ, ಈ ದಿನ ಮುಗೀಲಿ" ಅಂತ ಗೋಗರೆಯುತ್ತಾಳೆ. ಅಲ್ಲಿಯ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಮಧ್ಯದಲ್ಲಿ ವೈರು ಕಿತ್ತು ಬೈಬೇಡ. ಊಟಕ್ಕೆ ಕರೆಯೋದಾದರೆ 15 ನಿಮಿಷ ಮೊದಲೇ ಕರಿ.

ದಸರಾ ರಜೆಗೆ ಅವಳನ್ನು ಕರೆದುಕೊಂಡು ಬಾ. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಿನ್ಸ್ ಹಾಕಿ ಇಟ್ಟಿರುತ್ತೇನೆ. ಶಿಫ್ಟ್ ಅವಳು ಹಿಡಿಯಲಿ, ಬಾಣ ನಿನಗೆ. ನೆರಳಿನ ವಿಷಯ ಮಾತ್ರ ಬಾಯಿ ಬಿಡಬೇಡ.

ನಿನ್ನ,
ಶ್ರೀಧರ