ಭಾನುವಾರದ ಆಲಿಕೆ: ಡಯಾನಾ ಕ್ರಾಲ್ ಅವರ ಮೊದಲ ಆಲ್ಬಮ್

ಆತ್ಮೀಯ ಸದಸ್ಯರೇ, ನಮಸ್ಕಾರ.

ಈ ಭಾನುವಾರ ಸಂಜೆ 5 ಗಂಟೆಗೆ ನಮ್ಮ ಮನೆಯ ಮಹಡಿಯಲ್ಲಿ ಸೇರಿ, ಕೆನಡಾದ ಜಾಝ್ ಪಿಯಾನೋ ವಾದಕಿ ಮತ್ತು ಗಾಯಕಿ ಡಯಾನಾ ಕ್ರಾಲ್ ಅವರ ‘ಸ್ಟೆಪಿಂಗ್ ಔಟ್’ ಆಲ್ಬಮನ್ನು ಪೂರ್ತಿಯಾಗಿ ಕೇಳಲಿದ್ದೇವೆ. 1993ರಲ್ಲಿ ಮಾಂಟ್ರಿಯಲ್‌ನ ಜಸ್ಟಿನ್ ಟೈಮ್ ಸಂಸ್ಥೆ ಹೊರತಂದ ಈ ಮೊದಲ ಆಲ್ಬಮಿನಲ್ಲಿ ಬಾಸ್‌ಗೆ (ಮಂದ್ರ ಸ್ವರದ ತಂತಿವಾದ್ಯ) ಜಾನ್ ಕ್ಲೇಟನ್, ಡ್ರಮ್ಸ್‌ಗೆ ಜೆಫ್ ಹ್ಯಾಮಿಲ್ಟನ್ ಇದ್ದಾರೆ. ಅವರ ಮುಂದಿನ ಆಲ್ಬಮ್‌ಗಳಲ್ಲಿ ಬಂದ ದೊಡ್ಡ ವಾದ್ಯವೃಂದದ ಮೆರುಗು ಇಲ್ಲಿಲ್ಲವಾದ್ದರಿಂದ ಪಿಯಾನೋದ ಎಡಗೈ ಎಲ್ಲಿ ಸರಿದು ಬಾಸ್‌ಗೆ ದಾರಿ ಬಿಡುತ್ತದೆ ಎಂಬುದನ್ನು ಕಿವಿಗೊಟ್ಟು ಗಮನಿಸಬಹುದು. ನನಗಂತೂ ಇದರಲ್ಲಿ ಗಾಯಕಿಗಿಂತ ವಾದಕಿಯೇ ಒಂದು ಹೆಜ್ಜೆ ಮುಂದೆ.

ಕುರ್ಚಿಗಳು ಹನ್ನೆರಡೇ ಇರುವುದರಿಂದ ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಕಳೆದ ಸಲ ಸ್ಪೀಕರಿನ ತಂತಿ ನಡುವೆಯೇ ಕೈಕೊಟ್ಟಿತ್ತು, ಆದ್ದರಿಂದ ಹೆಚ್ಚಿನ ತಂತಿ ಇರುವವರು ದಯವಿಟ್ಟು ತರಬೇಕು.