ವಿದುರ ಆ ಮಾತನ್ನು ಯಾರಿಗೆ ಹೇಳಿದ?

ಪ್ರೀತಿಯ ಗೆಳೆಯ,

ಭಾಷಣಕ್ಕೆ ಬೇಕೆಂದು ನೀನು ಕೇಳಿದ ಶ್ಲೋಕ ಇಲ್ಲಿದೆ. ಈ ಸಲ ಬರೆದೇ ಕೊಡುತ್ತಿದ್ದೇನೆ.

ತ್ಯಜೇದೇಕಂ ಕುಲಸ್ಯಾರ್ಥೇ ಗ್ರಾಮಸ್ಯಾರ್ಥೇ ಕುಲಂ ತ್ಯಜೇತ್ ।
ಗ್ರಾಮಂ ಜನಪದಸ್ಯಾರ್ಥೇ ಆತ್ಮಾರ್ಥೇ ಪೃಥಿವೀಂ ತ್ಯಜೇತ್ ॥

ಕುಲಕ್ಕಾಗಿ ಒಬ್ಬನನ್ನು, ಊರಿಗಾಗಿ ಕುಲವನ್ನು, ನಾಡಿಗಾಗಿ ಊರನ್ನು ಬಿಡಬೇಕು. ಇಷ್ಟು ಹೇಳಿ ನಿಲ್ಲಿಸುವವರೇ ಹೆಚ್ಚು. ಆತ್ಮಕ್ಕಾಗಿ ಭೂಮಿಯನ್ನೇ ಬಿಡಬೇಕು ಎನ್ನುವ ಕೊನೆಯ ಪಾದ ಅದುವರೆಗಿನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ದಯವಿಟ್ಟು ಅದನ್ನೂ ಹೇಳು.

ಪಂಚತಂತ್ರ, ಹಿತೋಪದೇಶ, ಚಾಣಕ್ಯನ ಹೆಸರಿನ ನೀತಿಸಂಗ್ರಹ ಎಲ್ಲದರಲ್ಲೂ ಈ ಶ್ಲೋಕ ಸಿಗುತ್ತದೆ. ಆದರೆ ನೀನು ಮಹಾಭಾರತದ ಆದಿಪರ್ವಕ್ಕೆ ಹೋಗಬೇಕು. ದುರ್ಯೋಧನ ಹುಟ್ಟಿದಾಗ ನರಿಗಳು ಊಳಿಡುತ್ತವೆ. ವಿದುರ ಧೃತರಾಷ್ಟ್ರನ ಮುಂದೆ ನಿಂತು, ಉಳಿದ ತೊಂಬತ್ತೊಂಬತ್ತು ಮಕ್ಕಳು ನಿನಗಿರಲಿ, ಈ ಒಬ್ಬನನ್ನು ಬಿಟ್ಟು ಕುಲಕ್ಕೂ ಲೋಕಕ್ಕೂ ಕ್ಷೇಮ ಮಾಡು ಎನ್ನುತ್ತಾನೆ. ಮುಂದೆ ಪಗಡೆಯಾಟದ ಸಭೆಯಲ್ಲೂ ಇದೇ ನೀತಿಯನ್ನು ಮತ್ತೆ ಎತ್ತುತ್ತಾನೆ. ಎರಡು ಸಲವೂ ಅವನು ಮಾತಾಡುತ್ತಿರುವುದು ಅಧಿಕಾರದಲ್ಲಿರುವವನೊಂದಿಗೆ, ಬಿಡು ಎನ್ನುತ್ತಿರುವುದು ಆತನಿಗೆ ಅತ್ಯಂತ ಪ್ರಿಯನಾದ ಮಗನನ್ನು. ಬಡವನ ಮನೆಯ ಮುಂದೆ ನಿಂತು ನಿನ್ನ ಗದ್ದೆ ಬಿಡು ಎನ್ನುವವರ ಬಾಯಿಗೆ ಈ ಶ್ಲೋಕ ಯಾವಾಗ ಬಂತೋ!

ನಮ್ಮ ಸೀಮೆಯಲ್ಲಿ ಅದು ಬಂದದ್ದು ಮುಳುಗಡೆಯ ಜೊತೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ನಾಡಿಗೆ ಕರೆಂಟು ಸಿಕ್ಕಿತು. ಈ ಪತ್ರ ಬರೆಯುತ್ತಿರುವ ದೀಪದಲ್ಲೂ ಅದರ ಪಾಲು ಇರಬಹುದು, ಆದ್ದರಿಂದ ಅಣೆಕಟ್ಟೇ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆದರೆ ಆ ಬೆಳಕಿಗಾಗಿ ಮನೆ ಬಿಟ್ಟ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಕಳೆದವು. ಅವರ ಜಮೀನಿನ ಹಕ್ಕಿನ ಪ್ರಶ್ನೆ ಮೊಮ್ಮಕ್ಕಳ ಕಾಲಕ್ಕೂ ದಾಟಿ ಬಂದಿದೆ. ಹಿನ್ನೀರಿನಾಚೆಯ ತುಮರಿಯವರು ಲಾಂಚಿಗೆ ಕಾಯುವುದು ತಪ್ಪಿ ಸೇತುವೆ ಕಂಡದ್ದು 2025ರ ಜುಲೈಯಲ್ಲಿ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಮತ್ತೆ ಇದೇ ಶ್ಲೋಕ ಕಿವಿಗೆ ಬೀಳುತ್ತಿದೆ.

ಇದರ ಎದುರಿಗೆ ಕಾಳಿದಾಸನ ರಘುವಂಶದ ಎರಡನೆಯ ಸರ್ಗವನ್ನು ಇಟ್ಟು ನೋಡು. ಗುರು ವಸಿಷ್ಠರ ಹಸು ನಂದಿನಿಯನ್ನು ಸಿಂಹ ಹಿಡಿದಿದೆ, ಅವಳನ್ನು ಕಾಯುತ್ತಿದ್ದ ರಾಜ ದಿಲೀಪ ಅವಳ ಬದಲು ತನ್ನ ದೇಹವನ್ನೇ ಕೊಡಲು ಸಿದ್ಧನಾಗಿದ್ದಾನೆ. ಆಗ ಲೆಕ್ಕ ಹೇಳುವುದು ಸಿಂಹ! ಅಲ್ಪಕ್ಕಾಗಿ ಬಹುವನ್ನು ಬಿಡಲು ಹೊರಟ ನೀನು ವಿವೇಚನೆ ಇಲ್ಲದವನು. ನೀನು ಸತ್ತರೆ ಒಂದು ಹಸು ಉಳಿದೀತು, ಬದುಕಿದರೆ ಪ್ರಜೆಗಳೆಲ್ಲ ಉಳಿದಾರು. ಗುರುವಿಗೆ ಕೋಟಿಗಟ್ಟಲೆ ಹಸು ಕೊಟ್ಟು ಸಮಾಧಾನ ಮಾಡು ಎನ್ನುತ್ತದೆ. ಆ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೂ ದಿಲೀಪ ಒಪ್ಪುವುದಿಲ್ಲ. ತನ್ನ ರಕ್ಷಣೆಗೆ ಬಿಟ್ಟ ಜೀವವನ್ನು ಕೊಟ್ಟು ತಾನು ಉಳಿಯುವುದು ಅವನಿಗೆ ಬೇಡ. ಕಾಳಿದಾಸ ಆ ಲೆಕ್ಕವನ್ನು ಸಿಂಹದ ಬಾಯಲ್ಲಿ ಇಟ್ಟಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಈ ಶ್ಲೋಕ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಮ್ಮ ಮನೆಯ ಜಗಲಿಯಲ್ಲಿ. ಆ ಮಳೆಗಾಲ ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿತ್ತು. ಇಬ್ಬರನ್ನೂ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಹಿರಿಯರೊಬ್ಬರು ಮೊದಲ ಪಾದವನ್ನು ಹೇಳಿದರು, ಎಲ್ಲರೂ ತಲೆಯಾಡಿಸಿದರು. ಅಕ್ಕ ಓದು ಬಿಟ್ಟಳು, ನಾನು ಶಿವಮೊಗ್ಗಕ್ಕೆ ಬಂದೆ. ಗಣಿತದಲ್ಲಿ ಅವಳು ನನಗಿಂತ ಬಹಳ ಮುಂದಿದ್ದಳು ಎಂಬುದು ನಿನಗೆ ಗೊತ್ತು, ನಿನಗೂ ಅವಳೇ ಹೇಳಿಕೊಟ್ಟವಳು. ಮೊನ್ನೆ ಹೋದಾಗ ಮಗಳ ಪಕ್ಕ ಕುಳಿತು ತ್ರಿಕೋನಮಿತಿಯ ಲೆಕ್ಕ ಬಿಡಿಸುತ್ತಿದ್ದಳು. ಉತ್ತರ ಬಂದಾಗ ಅವಳ ಮುಖ ಅರಳಿದ್ದನ್ನು ಕಂಡು ನನಗೆ ಅಲ್ಲಿ ಕೂರಲಾಗಲಿಲ್ಲ. ಕುಲಕ್ಕಾಗಿ ಬಿಟ್ಟ ಆ ‘ಏಕ’ ಅವಳು. ಕುಲ ಎಂದರೆ ನಾನು. ಅಕ್ಕನಿಗೆ ಹೇಳದ ಈ ಮಾತನ್ನು ನಿನಗೆ, ಓದುವ ಇಷ್ಟು ಜನರ ಎದುರಿಗೆ, ಹೇಳಿಬಿಟ್ಟೆ.

ಸರಿ, ನಿನ್ನ ಐದು ನಿಮಿಷದ ಭಾಷಣಕ್ಕೆ ಇದು ವಿಪರೀತವಾಯಿತು. ಬೇಕಾದಷ್ಟು ತೆಗೆದುಕೋ, ದಿಲೀಪನನ್ನು ಮಾತ್ರ ಬಿಡಬೇಡ. ನಾನು ಮುಂದಿನ ಸಾಲಿನಲ್ಲೇ ಕುಳಿತಿರುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದಿಡುತ್ತೇನೆ, ಹಂಚಿಕೊಳ್ಳೋಣ. ನಿಮ್ಮ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನವನು